ಮಸ್ಕತ್ತಿಗೆ ಹನ್ನೆರಡು ಗಂಟೆ

ಮಿರ್ಲೆಯ ಅಂಕಯ್ಯನವರ ಮಗಳು ಶಾಂತಲಾ ಕೆ.ಆರ್. ನಗರದ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುತ್ತಿದ್ದಳು. ಎರಡು ಸಾವಿರದ ಒಂದನೇ ಇಸವಿಯಲ್ಲಿ ಅವಳನ್ನು ನೋಡಲು ಪಿರಿಯಾಪಟ್ಟಣದಿಂದ ರಘು ಬಂದ. ಮಸ್ಕತ್ತಿನ ಹೋಟೆಲಿನಲ್ಲಿ ಅಡುಗೆ ಕೆಲಸ, ಎರಡು ವರ್ಷದ ಮೇಲೆ ರಜೆಗೆ ಬಂದಿದ್ದಾನೆ ಎಂದು ಅವನ ತಾಯಿ ಪುಟ್ಟತಾಯಮ್ಮ ಹೇಳಿದರು.

"ಬೆಂಗಳೂರಿಂದ ವಿಮಾನದಲ್ಲಿ ಎಷ್ಟೊತ್ತಾಯ್ತದಪ್ಪ?" ಅಂಕಯ್ಯ ಕೇಳಿದರು.

"ಹನ್ನೆರಡು ಗಂಟೆ." ರಘು ಕಾಫಿ ಲೋಟದಿಂದ ಕಣ್ಣೆತ್ತಲಿಲ್ಲ.

ಮಾರನೆಯ ದಿನ ಶಾಂತಲಾ ಶಾಲೆಯ ಅಟ್ಲಾಸಿನ ಮೇಲೆ ದಾರ ಇಟ್ಟು ಅಳೆದಳು. ಎರಡು ಸಾವಿರದ ಮುನ್ನೂರು ಕಿಲೋಮೀಟರಿನ ಆಸುಪಾಸು. ವಿಮಾನಕ್ಕೆ ಇಷ್ಟು ದೂರಕ್ಕೆ ಹನ್ನೆರಡು ಗಂಟೆ ಬೇಕಿಲ್ಲ ಎಂದು ಸಂಜೆ ಅಪ್ಪನಿಗೆ ಹೇಳಿದಳು.

"ದಾರೀಲಿ ಎಲ್ಲಾದ್ರೂ ನಿಲ್ಲಿಸ್ತಾರೇನೋ ಬುಡವ್ವ. ಒಳ್ಳೆ ಸಂಬಂಧ ಕಣವ್ವ."

ಇರಬಹುದು ಅನ್ನಿಸಿತು. ಆದರೂ ಮನಸ್ಸು ಒಪ್ಪದೆ ಹುಣಸೂರಿಗೆ ಹೋಗಿ ವಿಮಾನದ ಟಿಕೆಟ್ ಮಾಡಿಕೊಡುವವನನ್ನು ವಿಚಾರಿಸಿದಳು.

"ನೇರ ಹೋದ್ರೆ ಮೂರೂವರೆ ಗಂಟೆ ಮೇಡಂ. ಬಾಂಬೇಲಿ ಇಳಿದು ಬೇರೆ ವಿಮಾನ ಹತ್ತಿದ್ರೆ, ಕಾಯೋದೂ ಸೇರಿ ಹನ್ನೆರಡಾದ್ರೂ ಆಗ್ಬೋದು."

ಪಕ್ಕದ ಬೂತಿನಿಂದಲೇ ರಘುವಿಗೆ ಫೋನ್ ಮಾಡಿದಳು. "ನಡುವೆ ಎಲ್ಲಿ ವಿಮಾನ ಬದಲಾಯಿಸಿದ್ರಿ?"

"ಎಲ್ಲೂ ಇಲ್ಲ. ಬೆಂಗಳೂರಲ್ಲಿ ಹತ್ತಿದ್ರೆ ಮಸ್ಕತ್ತಲ್ಲೇ ಇಳಿಯೋದು."

"ಹನ್ನೆರಡು ಗಂಟೇನೂ ಆಕಾಶದಲ್ಲೇ ಇದ್ರಾ?"

ಆ ಕಡೆಯಿಂದ ಲೈನು ಕಟ್ಟಾಯಿತು.

ಎರಡು ದಿನದ ನಂತರ ಶಾಲೆ ಬಿಡುವ ಹೊತ್ತಿಗೆ ರಘು ಗೇಟಿನ ಬಳಿ ನಿಂತಿದ್ದ.

"ನಾನು ವಿಮಾನಾನೇ ಹತ್ತಿಲ್ಲ ಕಣ್ರೀ," ಎಂದ. "ವೀಸಾ ಕೊಡಿಸ್ತೀನಿ ಅಂದೋನು ಬಾಂಬೇಲಿ ಬಿಟ್ಟು ಹೋದ. ಊರೆಲ್ಲಾ ಕಳಿಸಿಕೊಟ್ಟಿದ್ರು, ವಾಪಸ್ ಬರಕ್ಕೆ ಮುಖ ಇರ್ನಿಲ್ಲ. ಅಲ್ಲೇ ಒಂದು ಕ್ಯಾಂಟೀನಲ್ಲಿದ್ದೆ."

"ಹನ್ನೆರಡು ಗಂಟೆ ಅಂತ ಯಾರು ಹೇಳಿದ್ರು?"

"ಯಾರೂ ಇಲ್ಲ. ಬಾಂಬೆಗೇ ರೈಲಲ್ಲಿ ಒಂದು ದಿನ ಹಿಡೀತು. ಅದಕ್ಕಿಂತ ದೂರ ಅಂದ್ಮೇಲೆ ವಿಮಾನಕ್ಕೆ ಅರ್ಧ ದಿನನಾದ್ರೂ ಬೇಕಲ್ಲ ಅನ್ಕೊಂಡೆ."

ಶಾಂತಲಾಗೆ ನಗು ಬರಲಿಲ್ಲ. "ನಿಮ್ಮಮ್ಮಂಗೆ ಗೊತ್ತಾ?"

"ಇಲ್ಲ. ಇವತ್ತೇ ಹೇಳ್ತೀನಿ."

ಆ ಮಾತನ್ನೂ ಅವಳು ನಂಬಲಿಲ್ಲ. ತಾನು ಬೇಡ ಎಂದರೆ ಅವನು ಇನ್ನೊಂದು ಮನೆಗೆ ಹೋಗಿ ಅದೇ ಮಸ್ಕತ್ತಿನ ಕಥೆ ಹೇಳಬಹುದು. ಶನಿವಾರ ಮಧ್ಯಾಹ್ನ ಯಾರಿಗೂ ತಿಳಿಸದೆ ಪಿರಿಯಾಪಟ್ಟಣದ ಬಸ್ಸು ಹತ್ತಿದಳು.

ಪುಟ್ಟತಾಯಮ್ಮ ಬಾಗಿಲಲ್ಲೇ ಕೂತಿದ್ದರು. ಕಣ್ಣು ಊದಿಕೊಂಡಿದ್ದವು. ಅವಳನ್ನು ನೋಡಿ ಅವರಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ.

"ಹೇಳ್ದ ಕಣವ್ವ, ಎಲ್ಲಾನೂ. ಹೇಳಿದ್ನೋ ಇಲ್ವೋ ಅಂತ ನೋಡಕ್ಕೆ ಬಂದ್ಯಾ?"

ಸುಳ್ಳು ಹೇಳಲು ಶಾಂತಲಾಗೆ ಬಾಯಿ ಬರಲಿಲ್ಲ. "ಹೂಂ," ಎಂದಳು.

"ಎರಡು ವರ್ಸ ಕೇರಿಗೆಲ್ಲಾ ಮಸ್ಕತ್ತು ಮಸ್ಕತ್ತು ಅಂತ ಸಾರ್ಕೊಂಡು ಬಂದೋಳು ನಾನು," ಎಂದು ಪುಟ್ಟತಾಯಮ್ಮ ಎದ್ದು ಒಳಗೆ ಚಾಪೆ ಹಾಸಿದರು. "ಬಿಸಿಲಲ್ಲಿ ಬಂದಿದ್ದೀಯ. ಉಂಡ್ಕೊಂಡು ಓಗು."

ಶಾಂತಲಾ ಕೂತು ಉಂಡಳು. ಆ ಸಂಬಂಧ ಮುಂದುವರಿಯಲಿಲ್ಲ. ಕಾರಣ ಕೇಳಿದವರಿಗೆ ಜಾತಕ ಕೂಡಲಿಲ್ಲ ಎಂದು ಹೇಳಲು ಅವಳೇ ಅಪ್ಪನನ್ನು ಒಪ್ಪಿಸಿದಳು.