ಹೀಟರ್ ಪಕ್ಕದ ಕುರ್ಚಿ

ಕೆನಡಾದ ವಿನಿಪೆಗ್‌ನ ಗ್ರಂಥಾಲಯದ ನೆಲಮಾಳಿಗೆಯಲ್ಲಿ ವಲಸೆ ಬಂದ ನಮಗೆಲ್ಲ ಇಂಗ್ಲಿಷ್ ವ್ಯಾಕರಣದ ಪಾಠ. ಎಲ್ಲಿ ತಪ್ಪಾಗುತ್ತದೋ ಎಂಬ ಭಯಕ್ಕೆ ನಾಲ್ಕು ತಿಂಗಳಾದರೂ ಯಾರೂ ಬಾಯಿ ಬಿಟ್ಟಿರಲಿಲ್ಲ. ಟೀಚರ್ ಡೋರೀನ್ ಗೋಡೆಗೆ ಪಾಠ ಹೇಳಿದಂತೆ ಹೇಳಿ ಸುಸ್ತಾಗಿದ್ದರು.

ಅವತ್ತು ಹೊರಗೆ ಮೈನಸ್ ಮೂವತ್ತು ಡಿಗ್ರಿ. ಹೀಟರ್ ಪಕ್ಕದ ಕುರ್ಚಿಯಲ್ಲಿ ಉಕ್ರೇನಿನ ಲ್ಯುಬಾ ಕೂತಿದ್ದಳು. ಎರಿಟ್ರಿಯಾದ ಟೆಸ್ಫಾಯ್ ಬಂದು ಎದುರಿಗೆ ನಿಂತ.

"ಏನಮ್ಮಾ, ನಿನ್ನೆನೂ ನೀವೇ ಕೂತಿದ್ರಿ. ನಾಳೆನೂ ನೀವೇನಾ?"

"ಸಾಯೋ ತನಕ ನಾನೇ. ಇದೇನು ನಿಮ್ಮ ತಾತ ಮಾಡಿಸಿದ ಕುರ್ಚಿನಾ?"

"ಬಸ್ಸಿಗೆ ಕಾದು ಕಾದು ಮರಗಟ್ಟಿ ಬಂದಿದೀನಿ. ನಿಮ್ಮನೆ ಇಲ್ಲೇ ಎದುರಿಗಿದೆ."

"ಎದುರಿಗಿದ್ರೆ? ಚಳಿ ನನ್ನ ಅಡ್ರೆಸ್ ಕೇಳ್ಕೊಂಡು ಬರತ್ತಾ?"

ಜಗಳ ಬಿಡಿಸಲು ಎದ್ದ ನನ್ನನ್ನು ಡೋರೀನ್ ತೋಳು ಹಿಡಿದು ಕೂರಿಸಿದರು.

"ಸುಮ್ನಿರು, ನಿಡಿಯಾ. ಇಬ್ರೂ ಇಲ್ಲೀತನಕ ಒಂದು ತಪ್ಪೂ ಮಾಡಿಲ್ಲ."

ಆಗಲೇ ನಮಗೆ ಹೊಳೆದದ್ದು, ಅವರು ಕಿತ್ತಾಡುತ್ತಿದ್ದದ್ದು ಇಂಗ್ಲಿಷಿನಲ್ಲಿ. ಇಡೀ ತರಗತಿ ಚಪ್ಪಾಳೆ ತಟ್ಟಿತು. ಲ್ಯುಬಾ ನಕ್ಕು ನಕ್ಕು ಕುರ್ಚಿಯಿಂದ ಜಾರಿದಳು. ಕುರ್ಚಿ ಖಾಲಿಯಾದದ್ದನ್ನೂ ಗಮನಿಸದೆ ಟೆಸ್ಫಾಯ್ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

ಮರುದಿನ ಪಾಠಕ್ಕೆ ಮೊದಲೇ ಹದಿನಾಲ್ಕು ಜನ ಆ ಕುರ್ಚಿ ತಮ್ಮದೆಂದು ಇಂಗ್ಲಿಷಿನಲ್ಲೇ ಜಗಳಕ್ಕೆ ನಿಂತಿದ್ದೆವು. ಹೀಟರ್ ಕೆಟ್ಟು ಕೂತಿದೆ ಎಂದು ನಮಗೆ ಗೊತ್ತಾದದ್ದು ಮನೆಗೆ ಹೊರಡುವಾಗ.