ಗೋಡೆ, ಗಾಳಿ

ಅಪ್ಪ ಹಟ ಹಿಡಿದರೆ ಹಿಡಿದರು, ಜಗ್ಗುವ ಆಸಾಮಿಯಲ್ಲ. ಬೀರು, ಮಂಚ, ಮರದ ಪೆಟ್ಟಿಗೆ ಅಂತ ಜೀವಮಾನವಿಡೀ ಊರವರ ಸಾಮಾನನ್ನು ಮೆಟ್ಟಿಲು ಹತ್ತಿಸಿ ಇಳಿಸಿದ ಹಮಾಲಿ. ಒಂದು ಕಾಲು ಹೋದ ಮೇಲೆ ಮೂರನೇ ಮಹಡಿಯಿಂದ ಇಳಿದೇ ಇರಲಿಲ್ಲ. "ನಾನು ಹೊತ್ತವನು ಕಣೇ, ಹೊರಿಸ್ಕೊಳ್ಳೋನಲ್ಲ" ಎನ್ನುವುದೊಂದೇ ಮಾತು. ಆದರೆ ಇವತ್ತು ಕಣ್ಣಿನ ಆಪರೇಷನ್. ತಪ್ಪಿದರೆ ಉಳಿದಿರುವ ಒಂದು ಕಣ್ಣೂ ಹೋಗುತ್ತದೆ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಮಗಳಿಗೇನು ಹಟ ಕಡಿಮೆಯೇ? ಅದೇ ರಕ್ತ! "ಕಣ್ಣು ಹೋದ್ಮೇಲೆ ಯಾರ ಮೇಲೆ ರೇಗಾಡ್ತೀಯಪ್ಪ, ಮುಖಾನೇ ಕಾಣಲ್ವಲ್ಲ" ಎಂದವಳೇ ಅವರನ್ನು ಟವೆಲಿನಿಂದ ಕುರ್ಚಿಗೆ ಬಿಗಿದಳು. ಶಾಲೆಯ ಟೀಚರು, ಎಂಥೆಂಥ ತುಂಟರನ್ನೋ ಕೂರಿಸಿದವಳು.

ಕುರ್ಚಿಯ ಕೆಳತುದಿ ಅವಳು ಹಿಡಿದಳು, ಮೇಲ್ತುದಿ ತಮ್ಮ. ಅವನೋ ಔಷಧಿ ಅಂಗಡಿಯಲ್ಲಿ ಕೂರುವವನು, ಮಾತ್ರೆ ಡಬ್ಬಿಗಿಂತ ಭಾರ ಎತ್ತಿ ಗೊತ್ತಿಲ್ಲ. ಮೆಟ್ಟಿಲಿನ ಮೊದಲ ತಿರುವಿನಲ್ಲೇ ಸಿಕ್ಕಿಕೊಂಡರು.

"ಎಡಕ್ಕೆ ಕಣೋ!"

"ಎಡಕ್ಕೇ ಹೋಗ್ತಿದೀನಲ್ಲಕ್ಕ!"

ಎದುರುಬದುರು ನಿಂತವರು, ಅವಳ ಎಡ ಅವನ ಬಲ. ಇಬ್ಬರೂ ತಂತಮ್ಮ ಎಡಕ್ಕೆ ಎಳೆದರು. ಕುರ್ಚಿ ತಿರುಚಿಕೊಂಡು ಅಪ್ಪನ ಭುಜ ಕಂಬಿಯಾಚೆ ವಾಲಿತು.

"ಸಾಕು, ವಾಪಸ್ ಹತ್ತಿಸ್ರೋ! ಕಣ್ಣು ಹೋದ್ರೆ ಹೋಗ್ಲಿ!"

ಅಯ್ಯೋ, ಅಪ್ಪನ ದನಿ ನಡುಗುತ್ತಿತ್ತು. ಅವಳಿಗೂ ಭಯವಾಯಿತು. ಆದರೆ ಬಿಡುವುದಿಲ್ಲ, ಏನಾದರಾಗಲಿ ಬಿಡುವುದಿಲ್ಲ. ಹಮಾಲಿಗಳೂ ಎದುರುಬದುರೇ ಹಿಡಿಯುತ್ತಿದ್ದರಲ್ಲ, ಅವರು ಏನನ್ನುತ್ತಿದ್ದರು? ಚಿಕ್ಕವಳಿದ್ದಾಗ ಅಪ್ಪನಿಗೆ ಊಟ ಒಯ್ದು, ಯಾರದೋ ಮನೆಯ ಮೆಟ್ಟಿಲ ಬುಡದಲ್ಲಿ ನಿಂತು ಆ ಕೂಗು ಕೇಳಿದ್ದಳು. ಮನೆಗೆ ಬಂದು ಹಾಗೇ ಕೂಗಿದರೆ ಅಮ್ಮ ಬಾಯಿಗೇ ಬಾರಿಸುತ್ತಿದ್ದಳು: "ಓದೋ ಹುಡುಗಿಗೆ ಹಮಾಲಿ ಮಾತು ಬೇರೆ!" ಏಟು ಚೆನ್ನಾಗಿ ನೆನಪಿದೆ, ಹಾಳಾದ್ದು ಮಾತೇ ಬರುತ್ತಿಲ್ಲ. ಅಮ್ಮನ ಕೈ ಏಳುವ ಮುಂಚೆ ತಾನು ಏನೆಂದಿದ್ದೆ? ಏನೆಂದಿದ್ದೆ?

"ಗೋಡೆಗೆ!" ಎಂದು ಕಿರುಚಿದಳು. "ಗೋಡೆಗೆ ಬಾರೋ!"

ತಮ್ಮ ಕಕ್ಕಾಬಿಕ್ಕಿಯಾದ.

"ಗೋಡೆ ಇರೋ ಕಡೆ ಗೋಡೆ, ಕಂಬಿ ಕಡೆ ಗಾಳಿ ಕಣೋ ಪೆದ್ದ! ಎಡ ಬಲ ಮರೆತುಬಿಡು!"

ಇಬ್ಬರೂ ಒಟ್ಟಿಗೆ ಗೋಡೆಗೆ ಸರಿದರು. ಕುರ್ಚಿ ನೆಟ್ಟಗಾಯಿತು. ಅಪ್ಪ ಮಗಳ ಮುಖವನ್ನೇ ನೋಡಿದರು. ಆಮೇಲೆ ಗಂಟಲು ಸರಿ ಮಾಡಿಕೊಂಡು ಶುರುವಿಟ್ಟುಕೊಂಡರು ನೋಡಿ!

"ಕೈಗಲ್ಲ ಕಣೇ, ಹೊಟ್ಟೆಗೆ ತಗೋ ಭಾರಾನ! ಏಯ್ ಮೇಲಿನವ್ನೇ, ಗಾಳಿಗೆ ಅರ್ಧ ಹೆಜ್ಜೆ! ಹಾಂ, ಈಗ ಗೋಡೆ! ಉಸಿರಿಡ್ರೋ!"

ಉಸಿರಿಡು ಎಂದರೆ ಇಳಿಸಿ ಸುಧಾರಿಸಿಕೋ ಎಂದು. ಹೊರೆಯೇ ಮೇಸ್ತ್ರಿಯಾಗಿ ಕೂತಿತ್ತು! ಒಂದೊಂದು ಕೂಗಿಗೂ ಅವಳು ಗಂಟಲು ಹರಿಯುವಂತೆ ಓಗೊಟ್ಟಳು. ಎರಡನೇ ಮಹಡಿಯ ಬಾಗಿಲು ತೆರೆದು ಇಣುಕಿದವಳು ಅವಳ ಕ್ಲಾಸಿನ ಹುಡುಗಿಯ ತಾಯಿ. ಕೇಳಿಸಿಕೊಳ್ಳಲಿ, ಯಾರಿಗೇನು!

ಕುರ್ಚಿ ನೆಲ ಮುಟ್ಟಿದಾಗ ಇಬ್ಬರೂ ಬೆವರಿ ತೊಪ್ಪೆಯಾಗಿದ್ದರು.

"ಭಾರ ಆಯ್ತೇನೇ?" ಅಪ್ಪ ಮೆಲ್ಲಗೆ ಕೇಳಿದರು.

"ಜೀವ ಹೋಯ್ತಪ್ಪ."

ಅವರ ಮುಖ ಅರಳಿತು. "ಇಳಿಸಿದ್ದೇನು ಮಹಾ, ಹತ್ತಿಸೋದಿದೆ ನೋಡು, ಅದು ಕಷ್ಟ. ಆಗ ನನ್ನ ಕಣ್ಣಿಗೆ ಪಟ್ಟಿ ಕಟ್ಟಿರ್ತಾರೆ, ಏನೂ ಕಾಣಲ್ಲ. ಕೂಗೋಳು ನೀನೇ."