ಮಾವನ ಕೋಣೆಯ ಬೆಟ್ಟ

ನಮ್ಮ ಮನೆಯೊಳಗೆ ಎರಡು ವರ್ಷ ಒಂದು ಬೆಟ್ಟವಿತ್ತು. ಅದು ಹುಟ್ಟಿದ್ದು ಮೇಲಿನ ಮನೆಯವರ ಬಚ್ಚಲಿನಿಂದ.

ಮೊದಲು ಮಾವನ ಕೋಣೆಯ ಗೋಡೆಯಲ್ಲಿ, ಕಿಟಕಿಯ ಪಕ್ಕ, ಅಂಗೈಯಗಲ ಒದ್ದೆಯಾಯಿತು. ಬೇರೆ ಮನೆಯಾಗಿದ್ದರೆ ಯಾರಾದರೂ ಮೇಲೆ ಹೋಗಿ ನಾಲ್ಕು ಮಾತಾಡಿ, ಪ್ಲಂಬರನ್ನು ಕರೆಸಿ, ಕೈತೊಳೆದುಕೊಳ್ಳುತ್ತಿದ್ದರು. ನಮ್ಮ ಮಾವ ಮೂವತ್ತಾರು ವರ್ಷ ಜಮೀನು ಅಳೆದ ಸರ್ವೆಯರು. ಅಳತೆ ಮಾಡದೆ ಅವರು ಯಾರ ಮೇಲೂ ಕೋಪ ಮಾಡಿಕೊಳ್ಳುವುದಿಲ್ಲ. ಪೆನ್ಸಿಲ್ ಚೂಪು ಮಾಡಿಕೊಂಡು ಬಂದು, ಒದ್ದೆಯ ಅಂಚಿಗೆ ಸರಿಯಾಗಿ ಗೆರೆ ಎಳೆದು, ಪಕ್ಕದಲ್ಲಿ ಇರುವೆಯಂಥ ಅಕ್ಷರದಲ್ಲಿ ತಾರೀಖು ಬರೆದರು.

“ಸಾಕ್ಷಿ ಇಲ್ದೆ ಜಗಳಕ್ಕೆ ಹೋಗ್ಬಾರದಮ್ಮ,” ಎಂದರು ನನಗೆ. “ಎಷ್ಟು ದಿನಕ್ಕೆ ಎಷ್ಟು ಹರಡ್ತು ಅಂತ ಎಲ್ಲಾ ತೋರಿಸಿ ಕೇಳೋಣ.”

ಪ್ರತಿ ಭಾನುವಾರ ಹೊಸ ಗೆರೆ, ಹೊಸ ತಾರೀಖು. ಆರು ತಿಂಗಳಲ್ಲಿ ಒಂದರ ಹೊರಗೊಂದು ಇಪ್ಪತ್ತಾರು ಗೆರೆಗಳಾದವು. ನಕ್ಷೆಯಲ್ಲಿ ಗುಡ್ಡ ತೋರಿಸುತ್ತಾರಲ್ಲ, ಥೇಟ್ ಹಾಗೆ. ಸಾಕ್ಷಿ ಸೊಂಪಾಗಿ ಬೆಳೆಯುತ್ತಿತ್ತು, ಜಗಳಕ್ಕೆ ಮಾತ್ರ ಮುಹೂರ್ತ ಕೂಡಿಬರಲಿಲ್ಲ. ನಾನೇ ಹೋಗುತ್ತೇನೆಂದರೆ ನನ್ನ ಗಂಡ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದರು. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎಂದು ಗಾದೆ ಹೇಳುತ್ತದೆ. ಆ ಲೆಕ್ಕದಲ್ಲಿ ನನ್ನ ಗಂಡ ಚಿರಂಜೀವಿ.

ಕೊನೆಗೊಂದು ಭಾನುವಾರ ಮಾವ ಮೇಲಿನವರನ್ನು ಕರೆಸಿದರು. ಆತ ಅಂಗಡಿಗಳಿಗೆ ಬೋರ್ಡ್ ಬರೆಯುವ ಪೇಂಟರು, ಒಂಟಿ ಮನುಷ್ಯ. ಕುಂಬಳಕಾಯಿ ಕಳ್ಳ ಎಂದು ಯಾರೂ ಇನ್ನೂ ಅಂದಿರಲಿಲ್ಲ, ಆತ ಹೆಗಲು ಮುಟ್ಟಿಕೊಂಡೇ ಒಳಗೆ ಬಂದರು. ಗೋಡೆ ನೋಡಿದರು. ಮಾವ ಬಾಯಿ ತೆರೆಯುವ ಮೊದಲೇ, “ಆಹಾ! ಯಾರು ಬರೆದಿದ್ದು ಸಾಹೇಬ್ರೇ ಈ ಬೆಟ್ಟಾನ? ಏನು ಗೆರೆ, ಏನು ಗೆರೆ! ಎಲ್ಲೂ ಕೈ ನಡುಗೇ ಇಲ್ವಲ್ಲ!” ಎಂದುಬಿಟ್ಟರು.

ಮೂವತ್ತಾರು ವರ್ಷ ಗೆರೆ ಎಳೆದರೂ ಮಾವನಿಗೆ ಸಿಕ್ಕಿದ್ದು ಬೈಗುಳ ಮತ್ತು ಮರು ಅಳತೆಯ ಅರ್ಜಿ. ಆಹಾ ಅಂದವರು ಇವರೇ ಮೊದಲು. ಮಾವ ಬೆಣ್ಣೆಯಂತೆ ಕರಗಿಹೋದರು. ನನ್ನ ಕಡೆ ತಿರುಗಿ, “ಎರಡು ಲೋಟ ಟೀ ಆಗುತ್ತೇನಮ್ಮ?” ಎಂದರು. ಅಲ್ಲಿಗೆ ಜಗಳ ಮುಗಿಯಿತು.

ಮುಂದಿನ ಭಾನುವಾರ ಪೇಂಟರು ಯಾವುದೋ ಔಷಧಿ ಅಂಗಡಿಯ ಬೋರ್ಡಿಗೆ ಬಳಸಿ ಉಳಿದ ಹಸಿರು ಬಣ್ಣದ ಡಬ್ಬ ಹಿಡಿದು ಇಳಿದು ಬಂದರು. ಆಮೇಲೆ ಅದೊಂದು ಕ್ರಮವೇ ಆಯಿತು. ಮಾವ ಆ ವಾರದ ಒದ್ದೆಗೆ ಗೆರೆ ಎಳೆಯಬೇಕು, ಹಳೆ ಗೆರೆಗೂ ಹೊಸ ಗೆರೆಗೂ ನಡುವೆ ಪೇಂಟರು ಬಣ್ಣ ತುಂಬಬೇಕು. ನೀರು ಹೋಗದ ಕಡೆಗೆ ಒಂದು ಚುಕ್ಕೆಯನ್ನೂ ಇಡುವಂತಿಲ್ಲ. “ನಾವು ಬರೆಯೋರಲ್ಲಮ್ಮ, ಪ್ರಕೃತಿ ಬರೆಯುತ್ತೆ, ನಾವು ತಿದ್ದುತೀವಿ,” ಎಂದರು ಪೇಂಟರು. ಅವರ ಬಚ್ಚಲಿಗೆ ಪ್ರಕೃತಿ ಎಂಬ ಹೆಸರಿದೆಯೆಂದು ನನಗೆ ಗೊತ್ತಾದದ್ದು ಆಗಲೇ.

ಬೆಟ್ಟ ತಿಂಗಳಿಗೆ ಎರಡು ಬೆರಳು ಬೆಳೆಯಿತು. ಅದಕ್ಕೆ ಇಳಿಜಾರು ಬಂತು, ಕಣಿವೆ ಬಂತು. ಗೋಡೆಯ ಬುಡದಲ್ಲಿ ಕಪ್ಪಗೆ ಬೂಷ್ಟು ಹಿಡಿದಾಗ ನಾನು ಬ್ಲೀಚಿಂಗ್ ಪೌಡರ್ ಹಿಡಿದು ಬಂದೆ. ಇಬ್ಬರೂ ಅಡ್ಡ ಬಂದರು. “ಅಯ್ಯೋ, ಕಾಡು ತಾನಾಗೇ ಬಂದಿದೆ!” ಎಂದು ಬೂಷ್ಟಿನ ಕೆಳಗೆ ಮರದ ಕಾಂಡಗಳನ್ನು ಬರೆದರು. ನನ್ನ ಮಗಳು ಹಕ್ಕಿಗಳನ್ನು ಹಾರಿಸಿದಳು. ನನ್ನ ಗಂಡ ಯಾರ ಮನಸ್ಸನ್ನೂ ನೋಯಿಸಬಾರದೆಂದು ಒಂದು ಹಸು ಬರೆದರು. ಪೇಂಟರು ಅದನ್ನು “ಬಂಡೆ ಚೆನ್ನಾಗಿದೆ” ಎಂದು ಮೆಚ್ಚಿಕೊಂಡ ಮೇಲೆ ಅದು ಬಂಡೆಯಾಗಿಯೇ ಉಳಿಯಿತು. ಕಟ್ಟಡದವರೆಲ್ಲ ಬಂದು ನೋಡಿ ಹೊಗಳಿದರು. ಅಷ್ಟು ಜೊತೆ ಕಣ್ಣಿಗೆ ಒದ್ದೆಯೊಂದೇ ಕಾಣಲಿಲ್ಲ. ಈ ಮಹಾಕಾರ್ಯದಲ್ಲಿ ನನ್ನ ಪಾಲು ಭಾನುವಾರಕ್ಕೆ ಮೂರು ಸಲ ಟೀ.

ಎರಡನೇ ವರ್ಷ ಮಾವನಿಗೆ ಕೆಮ್ಮು ಶುರುವಾಯಿತು. ಡಾಕ್ಟರು ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿ, “ಮಲಗೋ ಕೋಣೇಲಿ ತೇವ ಏನಾದ್ರೂ ಇದೆಯಾ?” ಎಂದರು.

“ಒಂದು ಬೆಟ್ಟ ಇದೆ,” ಎಂದರು ಮಾವ.

ಡಾಕ್ಟರು ನನ್ನ ಮುಖ ನೋಡಿದರು. ನಾನು ಎಲ್ಲವನ್ನೂ ಹೇಳಿದೆ. “ಗೋಡೆ ಒಣಗಿಸಿ. ಇಲ್ದಿದ್ರೆ ಈ ಎದೆ ಇನ್ನೊಂದು ಚಳಿಗಾಲ ತಡೆಯಲ್ಲ,” ಎಂದು ನನಗೇ ಹೇಳಿ ಕಳಿಸಿದರು.

ಸಾಕ್ಷಿ, ಪ್ರಕೃತಿ, ಕಲೆ ಎಲ್ಲವನ್ನೂ ಪಕ್ಕಕ್ಕಿಟ್ಟು ನಾನು ಮಂಗಳವಾರವೇ ಪ್ಲಂಬರನ್ನು ಕರೆದುಕೊಂಡು ಮೇಲೆ ಹತ್ತಿದೆ. ಬಚ್ಚಲಿನ ನೆಲ ಒಡೆದು ನೋಡಿದರೆ ಪೈಪಿನ ಒಂದು ಜಾಯಿಂಟ್ ಬಿಟ್ಟುಕೊಂಡಿತ್ತು. ಅರ್ಧ ದಿನದ ಕೆಲಸ. “ಇಷ್ಟಕ್ಕೆ ಎರಡು ವರ್ಷ ಸುಮ್ನಿದ್ರಾ?” ಎಂದು ಪ್ಲಂಬರು ನಕ್ಕರು. ಪೇಂಟರು ತಲೆ ತಗ್ಗಿಸಿ ನಿಂತಿದ್ದರು. ಕೆಳಗೆ ಮಾವ ತಟ್ಟೆಯಲ್ಲಿ ಅರ್ಧ ಊಟ ಬಿಟ್ಟೆದ್ದರು.

ಗೋಡೆ ಒಣಗಿತು. ಒಣಗಿದ್ದೇ ತಡ, ಬಣ್ಣ ಸುರುಳಿ ಸುತ್ತಿಕೊಂಡು ಚಕ್ಕೆ ಚಕ್ಕೆಯಾಗಿ ಉದುರತೊಡಗಿತು. ದಿನಾ ಬೆಳಿಗ್ಗೆ ನಾನು ಬೆಟ್ಟವನ್ನು ಗುಡಿಸಿ ಮೊರಕ್ಕೆ ತುಂಬುತ್ತಿದ್ದೆ. ಮಾವನ ಕೆಮ್ಮು ಕಡಿಮೆಯಾಯಿತು. ಗೆದ್ದೆ ಎಂದು ಬೀಗಿದೆ. ನನ್ನ ಅಕ್ಕನಿಗೆ ಫೋನ್ ಮಾಡಿ, ಈ ಮನೆಯಲ್ಲಿ ತಲೆ ಇರುವುದು ನನಗೊಬ್ಬಳಿಗೇ ಎಂದೂ ಹೇಳಿದೆ.

ಆದರೆ ಪೇಂಟರು ಬರುವುದು ನಿಂತಿತು. ಭಾನುವಾರ ಮಾವ ಗಡ್ಡ ಬೋಳಿಸಿಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಾಗಿಲ ಕಡೆ ಮುಖ ಮಾಡಿ ಕೂರುವರು. ಹನ್ನೊಂದಾಗುತ್ತಲೇ ಅಂಗಿ ಬಿಚ್ಚಿ, ಮಡಿಸಿ, ಮಲಗಿಬಿಡುವರು. ಐದು ಭಾನುವಾರ ಹೀಗೇ ಆಯಿತು. ಆರನೆಯ ಭಾನುವಾರ ನನಗೆ ತಡೆಯಲಾಗಲಿಲ್ಲ. ಸೀದಾ ಮೇಲೆ ಹೋದೆ.

“ಏನ್ರೀ, ಒಂದೂವರೆ ವರ್ಷ ನಮ್ಮನೆ ಟೀ ಕುಡಿದೋರಿಗೆ ಮೆಟ್ಟಿಲು ಮರೆತೋಯ್ತಾ?”

ಪೇಂಟರು ಕುಂಚ ಕೆಳಗಿಟ್ಟರು. “ಸುಳ್ಳು ಹೇಳಲ್ಲ ಅಕ್ಕಾ. ಮೊದಲ ದಿನ ಹೆದರಿ ಹೊಗಳಿದ್ದು. ಬಣ್ಣ ಹಚ್ತಾ ಇದ್ರೆ ಸಾಹೇಬ್ರು ಪೈಪಿನ ಮಾತೆತ್ತಲ್ಲ ಅಂತ ಬರ್ತಾ ಇದ್ದೆ. ಆಮೇಲೆ ನಿಜವಾಗ್ಲೂ ಇಷ್ಟ ಆಯ್ತು, ಆದ್ರೆ ಯಾರು ನಂಬ್ತಾರೆ? ಅವರು ಕೆಮ್ಮಿದ್ದು ನನ್ನ ಬಚ್ಚಲ ನೀರಿಗೆ. ಯಾವ ಮುಖ ಇಟ್ಕೊಂಡು ಇಳೀಲಿ?”

ಬೈಯಲು ಕಟ್ಟಿಕೊಂಡು ಹೋಗಿದ್ದ ಮಾತೆಲ್ಲ ದಂಡವಾಯಿತು. ಕೆಳಗೆ ಬಂದಾಗ ಮಾವ ಕಾಯುತ್ತಿದ್ದರು.

“ಏನಂದ?”

“ಕೈತುಂಬಾ ಕೆಲಸವಂತೆ ಮಾವ.”

ಮಾವ ನಕ್ಕರು. “ಹೆದರಿ ಬರ್ತಿದ್ದೆ ಅಂದನಾ? ಅದು ನಂಗೆ ಮೊದಲ ದಿನಾನೇ ಗೊತ್ತಮ್ಮ. ಪಕ್ಕದೋರ ಜಮೀನು ಒತ್ತುವರಿ ಮಾಡ್ಕೊಂಡವನೇ ಸರ್ವೆಯವನಿಗೆ ಓಡಿ ಬಂದು ಕುರ್ಚಿ ಹಾಕೋದು.”

“ಗೊತ್ತಿದ್ದೂ ಪೈಪ್ ಸರಿ ಮಾಡ್ಸು ಅನ್ನಲಿಲ್ವಲ್ಲ! ಎದೆ ಹಾಳಾಗೋವರೆಗೂ ಸುಮ್ನಿದ್ರಲ್ಲ!”

“ಅಂದಿದ್ರೆ ಮಾಡಿಸ್ತಿದ್ದ. ಮಾಡಿಸಿದ್ರೆ ಬರ್ತಿರಲಿಲ್ಲ.”

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅಳತೆ ಓದಿ ಹೇಳುವವರ ಹಾಗೆ ಹೇಳಿದರು: “ನಿಮ್ಮತ್ತೆ ಹೋಗಿ ಎಂಟು ವರ್ಷ. ಈ ಕೋಣೆಗೆ ಹೊತ್ತುಹೊತ್ತಿಗೆ ಊಟ ಬರುತ್ತೆ, ಮಾತ್ರೆ ಬರುತ್ತೆ, ಪೊರಕೆ ಬರುತ್ತೆ. ನಾನು ಇಲ್ಲ ಅನ್ನಲ್ಲ. ನಿನ್ನ ಗಂಡ, ಮಗು ಬಂದು ಕೂತಿದ್ದು ಗೋಡೆಗೆ ನೀರಿಳಿದ ಮೇಲೆ. ನೀನು ಯಾವತ್ತು ಕೂತಿದ್ದೆ ಅಂತ ನೀನೇ ಹೇಳಮ್ಮ.”

ನಾನು ಕೋಣೆಯ ಸುತ್ತ ಕಣ್ಣಾಡಿಸಿದೆ. ಕೋಣೆಯಲ್ಲಿ ಮಾವನ ಕುರ್ಚಿಯ ಎದುರು ಇನ್ನೊಂದು ಕುರ್ಚಿಯಿತ್ತು. ಅದು ಪೇಂಟರದು, ಅವರೇ ಮೇಲಿನಿಂದ ಹೊತ್ತು ತಂದದ್ದು. ನಮ್ಮ ಮನೆಯ ಒಂದು ಕುರ್ಚಿಯೂ ಎಂಟು ವರ್ಷದಲ್ಲಿ ಆ ಹೊಸ್ತಿಲು ದಾಟಿರಲಿಲ್ಲ. ನನಗೆ ನನ್ನ ಮೇಲೇ ಹೇಸಿಗೆಯಾಯಿತು. ಪೇಂಟರ ಕುರ್ಚಿಯ ಮೇಲೆ ಕೂರುವ ಮುಖವಿಲ್ಲದೆ, ಬೆಳಿಗ್ಗೆಯಿಂದ ಉದುರಿದ್ದ ಹಸಿರನ್ನು ಕೈಯಲ್ಲಿ ಸರಿಸಿ ನೆಲದ ಮೇಲೆ ಕೂತೆ.